ಗೇಣುದ್ದದ ಕಲ್ಲುಗಳು

"ಇಲ್ಲಿಂದ ಆ ಗೇಟಿನ ತನಕ ಹೂವು ಬೇಕು ನೋಡು ತಂಗಿ," ಎನ್ನುತ್ತ ಫಂಕ್ಷನ್ ಹಾಲಿನ ಮಾಲೀಕ ಸುರೇಶಕುಮಾರ ಚಪ್ಪಲಿಯ ತುದಿಯಿಂದ ನೆಲದ ಮೇಲೆ ಗೆರೆ ಎಳೆದ. "ಬಾರಾ ಮಹಿನಾ, ವರ್ಷಪೂರ್ತಿ ಹಸರು ಇರಬೇಕು. ಲಗ್ನಕ್ಕ ಬಂದ ಮಂದಿ ಕಣ್ಣಿಗೆ ಬರೇ ಹೂವೇ ಬೀಳಬೇಕು."

ಗೆರೆ ನಿಂತ ಜಾಗದಿಂದ ತುಸು ಆಚೆ ನಾಹಿದಳ ಗಂಡ ಸತ್ತಿದ್ದ. ಈಗ ಅಲ್ಲಿ ಮುರುಮಿನ ಗರಸು ಮಣ್ಣು ಹರಡಿ, ಗಟ್ಟಿಸಿ, ನೀರು ಚಿಮುಕಿಸಿದ್ದರು.

"ಆಗ್ತದ್ರಿ ಸಾವ್ಕಾರ್ರ," ಅಂದವನು ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ ಮಾವ ಗುಲಾಮ ದಸ್ತಗೀರ. ಅವಳು ಬಾಯಿ ತೆರೆಯುವ ಮೊದಲೇ ಅಂದುಬಿಟ್ಟಿದ್ದ.

ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಮಗ್ಗುಲಿಗಿದ್ದ ಆ ಫಂಕ್ಷನ್ ಹಾಲಿಗೆ ಸುತ್ತಲೂ ಫರ್ಸಿ ಕಲ್ಲಿನ ಕಂಪೌಂಡು. ಆಳೆತ್ತರದ ಚಪ್ಪಡಿಗಳನ್ನು ಸಾಲಾಗಿ ನೆಲದಲ್ಲಿ ಹುಗಿದು, ಸಂದಿಗೆ ಸಿಮೆಂಟು ಮೆತ್ತಿ ನಿಲ್ಲಿಸಿದ ಗೋಡೆ. ಈ ಸೀಮೆಯಲ್ಲಿ ಹೊಲಕ್ಕೂ ಮನೆಗೂ ಖಬರಸ್ತಾನಕ್ಕೂ ಅದೇ ಗೋಡೆ. ಏಪ್ರಿಲಿನ ಒಂದು ಸಂಜೆ ಲಗ್ನದ ಮನೆಯವರಿಗೆ ಲೈಟಿನ ಸರ ಕಟ್ಟಲು ಬಂದ ಅವಳ ಗಂಡ ಮುದಸ್ಸಿರ್ ಗೇಟಿನ ಬದಿಯ ಗೋಡೆಯ ಕೆಳಗೆ ನಿಂತಿದ್ದಾಗ ಗಾಳಿ ಎದ್ದಿತು. ಆ ಬದಿಯ ಕಲ್ಲುಗಳೆಲ್ಲ ಒಂದರ ಹಿಂದೊಂದು ಒಳಮುಖವಾಗಿ ಮಲಗಿದವು. ಮರುದಿನ ಅವನನ್ನು ಮಣ್ಣಿಗೆ ಒಯ್ಯುವ ಹೊತ್ತಿಗೆ ಕಲ್ಲುಗಳೂ ಟ್ರ್ಯಾಕ್ಟರ್ ಏರಿ ಹೋಗಿದ್ದವು. ಆ ಬದಿಗೆ ಈಗ ಕಬ್ಬಿಣದ ಜಾಳಿಗೆ ನಿಲ್ಲಿಸಿದ್ದರು.

ಗಂಡ ಸತ್ತವಳು ಪಾಲಿಸುವ ಇದ್ದತ್ತಿನ ತಿಂಗಳುಗಳನ್ನು ಮನೆಯೊಳಗೇ ಕಳೆದು ನಾಹಿದ ಹೊಸ್ತಿಲು ದಾಟಿದ್ದು ಆ ವಾರವೇ. ಮಳೆಗಾಲ ಅರ್ಧ ಮುಗಿದಿತ್ತು. ಕಲಬುರಗಿಯಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದಿದ ಸೊಸೆ ಬಂದಮೇಲೆ ಚಿತ್ತಾಪುರ ರಸ್ತೆಯ ದಸ್ತಗೀರನ ನರ್ಸರಿಗೆ ಹೆಸರು ಬಂದಿತ್ತು. ಯಾವ ಗಿಡ ಎಲ್ಲಿ ಹಚ್ಚಬೇಕೆಂದು ಜನ ಅವಳನ್ನೇ ಕೇಳುತ್ತಿದ್ದರು. ಹೊರಗೆ ಬಂದ ಮೊದಲ ಕೆಲಸಕ್ಕೇ ಮಾವ ಅವಳನ್ನು ಇಲ್ಲಿಗೆ ಕರೆತಂದಿದ್ದ.

"ಬ್ಯಾರೆ ನರ್ಸರಿಯವರು ಬಂದಿದ್ರು, ನಾ ಇಲ್ಲ ಅಂದೆ," ಸುರೇಶಕುಮಾರ ಮುಂದುವರಿಸಿದ. "ಮುದಸ್ಸಿರ್ ನಮ್ಮ ಮನಿ ಹುಡುಗ ಇದ್ದಂಗ. ಆ ಮನಿಗೇ ಕೆಲಸ ಹೋಗ್ಲಿ ಅಂತ. ಏನ್ ಮಾಡೋದು, ಅವತ್ತು ಗಾಳಿ ಹಂಗಿತ್ತು. ಅದರಾಗ ಅವ ಗ್ವಾಡಿಗೆ ಕಟ್ಟಿದ ವೈರು ಜಗ್ಗಿದ."

"ಜಗ್ಗಿದ್ದು ನೀವು ನೋಡೀರೇನ್ರಿ?"

"ನಾ ಒಳಗಿದ್ದೆ ತಂಗಿ. ಮಂದಿ ಹೇಳಿದ್ರು."

"ಯಾವ ಮಂದಿ?"

ದಸ್ತಗೀರ ಕೆಮ್ಮಿದ. ಸುರೇಶಕುಮಾರ ಅವಳ ಮುಖವನ್ನು ಒಮ್ಮೆ ನೋಡಿ, ಮೊಬೈಲು ತೆಗೆದು ಕಿವಿಗಿಟ್ಟುಕೊಂಡು ಕಾರಿನ ಕಡೆ ನಡೆದ.

ಅವಳು ಅಲ್ಲೇ ನಿಂತಳು. ಅಳು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಂದುಹೋಗುವ ಹೆಂಗಸರೆಲ್ಲ ಅದನ್ನೇ ಆಡಿಕೊಂಡಿದ್ದರು, ಕಲ್ಲಾಗ್ಯಾಳ ಎಂದು. ಕಲ್ಲಾಗಿರಲಿಲ್ಲ. ಒಳಗೆ ಏನೋ ಬಿಸಿಯಾಗಿ ಕೂತಿತ್ತು, ಅದಕ್ಕೆ ಬಾಯಿ ಸಿಕ್ಕಿರಲಿಲ್ಲ.

ಮರುದಿನ ನೆಲ ಅಗೆಯಲು ಫಂಕ್ಷನ್ ಹಾಲಿನ ಕಸಗೂಡಿಸುವ ಭೀಮಮ್ಮ ಜೊತೆಯಾದಳು. ಮುಂದೆ ಹೂದೋಟಕ್ಕೆ ನೀರು ಹಾಕಬೇಕಾದವಳೂ ಅವಳೇ. ಬಾಯಲ್ಲಿ ಎಲೆ ಅಡಿಕೆ, ಕೈಯಲ್ಲಿ ಹಾರೆ.

"ಸತ್ತೋನ ಜಾಗಕ್ಕ ಹೂವಂತ," ಅಂದಳು ಭೀಮಮ್ಮ. "ಇದ್ದೋರು ಚಾ ಕೇಳಿದ್ರ ಸಕ್ರಿ ತೀರ್ಯಾದ ಅಂತಾನ. ನಿನಗ ಬ್ಯಾಸರ ಆಗ್ಲಿಲ್ಲ ಅಂದ್ರ ಒಂದು ಮಾತು ಕೇಳ್ತೀನಿ ಬೀಬಿ. ಈ ಕೆಲಸಕ್ಕ ಯಾಕ ಒಪ್ಪಿದಿ?"

"ನಾ ಒಪ್ಪಿಲ್ಲ. ಅಬ್ಬಾ ಒಪ್ಯಾರ."

"ಮತ್ತ ನೀ ಯಾಕ ಬಂದಿ?"

"ಜಾಗ ನೋಡಬೇಕಿತ್ತು."

ಹಾರೆ ಠಣ್ ಎಂದಿತು. ಭೀಮಮ್ಮ ಇನ್ನೊಂದು ಕಡೆ ಹೊಡೆದಳು. ಅಲ್ಲೂ ಠಣ್ ಎಂದಿತು. ಇಬ್ಬರೂ ಕೂತು ಕೈಯಿಂದ ಮುರುಮು ಬಳಿದರು. ಮಣ್ಣಿನೊಳಗೆ ಫರ್ಸಿಯ ತುಂಡೊಂದು ನೆಟ್ಟಗೆ ನಿಂತಿತ್ತು. ಮೇಲಿನ ಅಂಚು ಮುರಿದು ಗರಗಸದ ಹಲ್ಲಿನಂತಾಗಿತ್ತು. ಭೀಮಮ್ಮ ಹಾರೆಯಿಂದ ಮೀಟಿದ ಕೂಡಲೇ ಸಡಿಲ ಹಲ್ಲಿನಂತೆ ಎದ್ದು ಬಂತು. ಕೆಳಗಿನ ಅಂಚು ನುಣ್ಣಗೆ, ಮಷೀನಿನಲ್ಲಿ ಕೊಯ್ದದ್ದು. ಅಲ್ಲಿಗೆ ಆ ಕಲ್ಲು ಮುಗಿದಿತ್ತು.

ನಾಹಿದ ಅದರ ಮೇಲೆ ಅಂಗೈ ಅಗಲಿಸಿ ಇಟ್ಟಳು. ಹೆಬ್ಬೆರಳಿನಿಂದ ಕಿರುಬೆರಳಿಗೆ ಅವಳ ಗೇಣು ಚೂರು ಕಡಿಮೆ ಬಿತ್ತು. ಮುದಸ್ಸಿರನ ಗೇಣಾದರೆ ಸರಿಯಾಗುತ್ತಿತ್ತು. ವೈರು ಅಳೆಯಲು ಅವನು ಟೇಪು ಇಟ್ಟುಕೊಂಡವನಲ್ಲ, ಗೇಣು ಹಾಕಿ ಹಾಕಿಯೇ ಅಳೆಯುತ್ತಿದ್ದ.

"ಆಳೆತ್ತರದ ಕಲ್ಲಿಗೆ ಎಷ್ಟು ಹುಗೀತಾರ ಭೀಮಮ್ಮ?"

ಭೀಮಮ್ಮ ಬಾಯೊಳಗಿನ ಎಲೆ ಉಗುಳಿ ಬಂದಳು. "ಮೊಳ. ಮೊಳಕ್ಕೂ ಮ್ಯಾಲೇ ಹುಗೀತಾರ. ಸಣ್ಣ ಹುಡುಗ್ರಿಗೂ ಗೊತ್ತದ. ಗೇಣು ಹುಗದ್ರ ಆಕಳು ಮೈ ಉಜ್ಜಿದ್ರೂ ಬೀಳ್ತದ." ದನಿ ತಗ್ಗಿಸಿದಳು. "ಗ್ವಾಡಿ ಎತ್ತರ ಕಾಣ್ಲಿ ಅಂತ ಮಾಡ್ಯಾನ. ರಸ್ತಾದಾಗ ಹೋಗೋರಿಗೆ ದೊಡ್ಡದು ಕಾಣಬೇಕಲ್ಲ."

ಬುಡಸಮೇತ ಕಿತ್ತು ಬಿದ್ದ ಕಲ್ಲುಗಳನ್ನು ಟ್ರ್ಯಾಕ್ಟರ್ ಒಯ್ದಿತ್ತು. ನೆಲಮಟ್ಟಕ್ಕೆ ಮುರಿದವುಗಳ ಬುಡ ಮಾತ್ರ ಮಣ್ಣಲ್ಲೇ ಉಳಿದಿತ್ತು. ಬಿಸಿಲೇರುವ ತನಕ ಅವರು ಒಂದೊಂದನ್ನೇ ಎತ್ತಿ ಸಾಲಾಗಿ ಇಟ್ಟರು. ಒಂದಾದರೂ ಗೇಣು ದಾಟಿರಲಿಲ್ಲ.

ನಾಹಿದ ಎದ್ದು ಪಡುವಣ ಬದಿಯ ಗೋಡೆಯ ಹತ್ತಿರ ಹೋದಳು. ಆ ಗೋಡೆ ಇನ್ನೂ ನಿಂತಿತ್ತು. ಮೂಲೆಯಲ್ಲಿ ಕೂತು ಕಳೆ ಕೀಳುವ ಕುರ್ಪಿಯಿಂದ ಬುಡದ ಮಣ್ಣು ಕೆದರಿದಳು. ಹೆಚ್ಚು ಕೆದರಬೇಕಾಗಲಿಲ್ಲ. ನುಣ್ಣನೆಯ ಅಂಚು ಬೆರಳಿಗೆ ಸಿಕ್ಕಿತು.

ಸಂಜೆ ಸುರೇಶಕುಮಾರ ಬಂದಾಗ ತುಂಡುಗಳ ಮೇಲೆ ಗೊಬ್ಬರದ ಚೀಲ ಹೊದಿಸಿತ್ತು. ಅವಳು ಅವುಗಳ ಮಾತೆತ್ತಲಿಲ್ಲ. ನಿಂತ ಗೋಡೆಯ ಮಾತು ಮಾತ್ರ ಎತ್ತಿದಳು.

"ಆ ಕಡೀ ಗ್ವಾಡಿ ಎಷ್ಟು ಆಳ ಹುಗಿಸೀರಿ?"

"ಯಾಕ?"

"ಗೇಣು ಅದ. ನೋಡಿ ಬಂದೀನಿ. ಮುಂದಿನ ಬ್ಯಾಸಗೀಗೆ ಮತ್ತ ಗಾಳಿ ಬರ್ತದ. ಅದರ ನೆಳ್ಳಿನಾಗೇ ಮಂದಿ ಕುಂದರ್ತಾರ."

ಸುರೇಶಕುಮಾರ ನಕ್ಕ. ನಗೆ ಬಾಯಲ್ಲಷ್ಟೇ ಇತ್ತು. "ತಂಗಿ, ನಮ್ಮ ಮುತ್ಯಾನ ಕಾಲದಿಂದ ನಾವು ಕಲ್ಲಿನಾಗೇ ಇದ್ದೋರು. ನೀ ಗಿಡ ನೋಡು. ಕಲ್ಲು ನಾ ನೋಡ್ತೀನಿ."

ಠಾಣೆಗೂ ಹೋದಳು. ಅಲ್ಲಿದ್ದವನು ಅವಳನ್ನು ಕೂರಿಸಿ, ನೀರು ಕೊಟ್ಟು, ತಾಳ್ಮೆಯಿಂದಲೇ ಹೇಳಿದ. ಅದು ಮುಗಿದುಹೋದ ಮಾತು. ಗಾಳಿಗೆ ಬಿತ್ತು, ಯಾರ ತಪ್ಪೂ ಇಲ್ಲ ಅಂತ ಹುಡುಗನ ತಂದೆಯೇ ಬಾಯಿಬಿಟ್ಟು ಹೇಳಿದ್ದಾನೆ. "ನಿಮ್ಮ ಮಾವನ್ನ ಕೇಳ್ರಿ ಬೇಕಂದ್ರ."

ಕೇಳಿದಳು. ದಸ್ತಗೀರ ಆಗಷ್ಟೇ ಉಣ್ಣಲು ಕೂತಿದ್ದ. ಅತ್ತೆ ಹಮೀದಾಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಅಬ್ಬಾ, ಗ್ವಾಡಿ ಗೇಣು ಹುಗದಿದ್ದು ನಿಮಗ ಗೊತ್ತಿತ್ತೇನು?"

ಅವನ ಕೈಯ ತುತ್ತು ಕೈಯಲ್ಲೇ ನಿಂತಿತು.

"ಅವತ್ತ ನೋಡೀರಿ ನೀವು. ಕಲ್ಲು ಎತ್ತುವಾಗ ಅಲ್ಲೇ ಇದ್ರಿ."

"ನೋಡ್ದೆ," ಅಂದ ದಸ್ತಗೀರ, ತಟ್ಟೆಯನ್ನೇ ನೋಡುತ್ತ. "ನೋಡಿ ಏನ್ ಮಾಡ್ಲಿ ಬೇಟಿ? ನಮ್ಮ ನರ್ಸರಿ ನಿಂತ ಜಾಗ ಅವರದು. ಅಲ್ಲಿ ಕುಂತು ಅವರ ಮ್ಯಾಲೆ ಹ್ಯಾಂಗ ಬೆರಳು ಮಾಡ್ಲಿ? 'ಗಾಳಿ ಅಂತ ಹೇಳು ದಸ್ತಗೀರ' ಅಂದ್ರು. ಗಾಳಿ ಇದ್ದದ್ದು ಖರೇನೇ ಅಲ್ಲ?"

"ಗಾಳಿ ಎಲ್ಲಾರ ಗ್ವಾಡಿಗೂ ಬಡದದ. ನಮ್ಮ ತಗಡು ಸೈತ ಹಾರಿಲ್ಲ ಅವತ್ತ."

ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಹಮೀದಾಬಿ ಹಿಟ್ಟಿನ ಕೈಯನ್ನು ಮುಂದೆ ಚಾಚಿ, ಬೆರಳು ಅಗಲಿಸಿ, ಅದನ್ನೇ ನೋಡಿದಳು.

"ಇಷ್ಟೇನು?"

"ಅಷ್ಟೇ ಅಮ್ಮಿ."

ಹಮೀದಾಬಿ ಹಂಚಿನ ಮೇಲಿದ್ದ ರೊಟ್ಟಿಯನ್ನು ತೆಗೆದು ಸೊಸೆಯ ತಟ್ಟೆಗೆ ಹಾಕಿದಳು. ಗಂಡನ ಊಟ ಇನ್ನೂ ಮುಗಿದಿಲ್ಲವೆಂದು ಕಂಡರೂ ಒಲೆ ಆರಿಸಿದಳು.

ಮುಂಜಾನೆ ನಾಹಿದ ನರ್ಸರಿಗೆ ಬರುವ ಹೊತ್ತಿಗೆ ದಸ್ತಗೀರ ಗೂಡ್ಸ್ ಆಟೋಕ್ಕೆ ಗಿಡ ತುಂಬಿಸಿದ್ದ. ಕ್ರೋಟನ್, ಡುರಾಂಟಾ, ಅಕಾಲಿಫಾ. ಬಿಸಿಲಿಗೂ ಧೂಳಿಗೂ ಜಗ್ಗದ, ಎಂದೂ ಎಲೆ ಉದುರಿಸದ ಪೊದೆಗಳು. ಒಂದು ಸಲ ಹಚ್ಚಿದರೆ ಅವುಗಳ ಹಿಂದೆ ಏನಿದೆಯೆಂದು ಯಾರಿಗೂ ಕಾಣುವುದಿಲ್ಲ.

"ಇವು ಬ್ಯಾಡ," ಅಂದಳು.

"ಮತ್ತ?"

ಅವಳು ನೆರಳು ಪರದೆಯ ಕೆಳಗೆ ಹೋಗಿ ಒಂದೊಂದನ್ನೇ ಆರಿಸತೊಡಗಿದಳು. ಚಿಂಚೋಳಿಯ ತವರಿನ ಹಿತ್ತಲಿಂದ ತಂದು ಬೆಳೆಸಿದ್ದ ಕಾಡರಿಶಿಣದ ಗಡ್ಡೆಗಳು. ಡೇಲಿಯಾ. ಗುಲಬಾಕ್ಷಿ. ಮುಂದಿನ ಸಾಲಿಗೆ ಮಳೆ ಲಿಲ್ಲಿ, ಅದರ ಎಲೆ ಉದ್ದವಾಗಿ ಬೆಳೆದು ಅಂಚಿನ ಮೇಲೆ ಬಾಗಿ ಬೀಳುತ್ತದೆ. ಪೊದೆಯಲ್ಲ, ಬಳ್ಳಿಯಲ್ಲ. ಕಾಂಡ ಗಟ್ಟಿಯಾಗದ, ಕಾಲ ಮುಗಿದ ಮೇಲೆ ನೆಲದ ಮೇಲಿನದೆಲ್ಲ ಒಣಗಿ, ನೆಲದ ಕೆಳಗೆ ಮಾತ್ರ ಜೀವ ಹಿಡಿದುಕೊಂಡಿರುವ ಗಿಡಗಳು. ಓದುವಾಗ ಅವುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಳು. ಈಗ ಅವುಗಳಿಂದ ಅವಳಿಗೆ ಬೇಕಾದದ್ದು ಒಂದೇ, ಅವು ಒಣಗುವ ತಿಂಗಳು.

ದಸ್ತಗೀರನೂ ಗಿಡದೊಂದಿಗೇ ಮುದುಕನಾದವನು. ಪಕ್ಕಕ್ಕಿಟ್ಟದ್ದನ್ನೆಲ್ಲ ನೋಡುತ್ತ ನಿಂತವನಿಗೆ ಮೆಲ್ಲಗೆ ಅರ್ಥವಾಯಿತು.

"ಇವೆಲ್ಲ ಹೋಳಿ ಹೊತ್ತಿಗೆ ಒಣಗ್ತಾವ."

"ಹೌದು."

"ಬ್ಯಾಸಗಿ ಲಗ್ನದಾಗ ಅಲ್ಲಿ ಬರೇ ಮಣ್ಣು ಕಾಣ್ತದ."

"ಮಣ್ಣಷ್ಟೇ ಅಲ್ಲ. ಅಂಚಿಗೆ ಕಲ್ಲು ಕೂಡಸ್ತೀನಿ. ಅಲ್ಲೇ ಸಿಕ್ಕ ಕಲ್ಲು."

"ಸಾವ್ಕಾರ್ರು ಬಾರಾ ಮಹಿನಾ ಹಸರು ಅಂದಾರ ಬೇಟಿ."

"ನಾನೂ ಕೇಳೀನಿ ಅಬ್ಬಾ. ನನಗ ಕಿವಿ ಅದಾವ."

ಅವನು ಆಟೋದ ಪಟ್ಟಿಯ ಮೇಲೆ ಕೈಯಿಟ್ಟ. ನರ್ಸರಿಯ ತಗಡನ್ನು ನೋಡಿದ, ನೀರಿನ ಟಾಕಿಯನ್ನು ನೋಡಿದ. ಆಮೇಲೆ ಹಗ್ಗ ಬಿಚ್ಚಿ, ಕ್ರೋಟನ್ನಿನ ಚೀಲಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಅವಳು ಕೈ ಹಚ್ಚಲಿಲ್ಲ. ಅಷ್ಟು ಬೇಗ ಅವನನ್ನು ಕ್ಷಮಿಸುವ ಮನಸ್ಸು ಅವಳಿಗಿರಲಿಲ್ಲ.

ಸುರೇಶಕುಮಾರ ಹೈದರಾಬಾದಿಗೆ ಹೋಗಿದ್ದ ದಿನಗಳಲ್ಲೇ ಕೆಲಸ ಮುಗಿಯಿತು. ನಾಹಿದ ಹೂವಿನ ಮಡಿಯನ್ನು ಎತ್ತರಿಸಿ ಕಟ್ಟಿದಳು. ಮುರಿದ ಬುಡಗಳನ್ನು ಅದರ ಮೈಗೆ ಒರಗಿಸಿ ಸಾಲಾಗಿ ಕೂರಿಸಿದಳು, ನುಣ್ಣನೆಯ ಅಂಚು ಕೆಳಗೆ, ಮುರಿದ ಅಂಚು ಮೇಲೆ, ಮೆತ್ತಿದ್ದ ಸಿಮೆಂಟು ಹಾಗೇ ಇರುವಂತೆ. ಒಂದನ್ನೂ ಹುಗಿಯಲಿಲ್ಲ, ಪೂರ್ತಿ ಕಾಣುವಂತಿಟ್ಟಳು. ಅದರ ಹಿಂದೆ ಲಿಲ್ಲಿಯ ಗಡ್ಡೆ ಊರುತ್ತ ಹೋದಳು. ಭೀಮಮ್ಮನಿಗೆ ಒಂದೇ ಮಾತು ಹೇಳಿದಳು. "ಹೋಳಿ ಆದಮ್ಯಾಲೆ ಇದಕ್ಕ ಹನಿ ನೀರು ಹಾಕಬ್ಯಾಡ. ಹಾಕಿದ್ರ ಗಡ್ಡಿ ಕೊಳೀತಾವ."

"ಸಾವ್ಕಾರ ಕೇಳಿದ್ರ?"

"ಗಿಡ ನಾ ನೋಡ್ತೀನಿ ಅಂತ ಹೇಳು."

ಭೀಮಮ್ಮ ನಕ್ಕು ನಕ್ಕು ಹಾರೆಯ ಮೇಲೆ ಒರಗಿದಳು.

ತಿಂಗಳ ಮೇಲೆ ಹೈದರಾಬಾದಿನಿಂದ ಮರಳಿದ ಸುರೇಶಕುಮಾರ ಕಂಡದ್ದು ಎಲೆಗಳನ್ನೇ. ಉಳಿದ ಮಳೆ ಕುಡಿದು ಎಲ್ಲ ಬೆಳೆದಿತ್ತು. ಲಿಲ್ಲಿಯ ಎಲೆಗಳು ಕಲ್ಲಿನ ಮೇಲೆ ಮುಸುಕು ಹಾಕಿದ್ದವು. ಚಳಿಗಾಲದಲ್ಲಿ ಡೇಲಿಯಾ ತಟ್ಟೆಯಗಲ ಅರಳಿದಾಗ ಅವನು ತಾನೇ ಫೋನ್ ಮಾಡಿ, "ಕೈ ಅಂದ್ರ ನಿನ್ನ ಕೈ ತಂಗಿ," ಅಂದ. ಮದುಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆಂದು ಭೀಮಮ್ಮ ಹೇಳಿದಳು. ಮುದಸ್ಸಿರನ ತಲೆ ಇದ್ದ ಜಾಗದಲ್ಲಿ ಯಾರೋ ಲೆಹಂಗಾ ಹರಡಿಕೊಂಡು ನಗುತ್ತಿದ್ದರು.

ಪಡುವಣ ಗೋಡೆಯ ಕೆಳಗೆ ಕುರ್ಚಿ ಹಾಕಿದವರನ್ನು ಎಬ್ಬಿಸುವ ಕೆಲಸ ಭೀಮಮ್ಮನದಾಗಿತ್ತು. "ಕೆಂಜಿಗ ಅದಾವ್ರಿ ಅಲ್ಲಿ, ಭಾಳ ಕಡೀತಾವ," ಎಂದು ಬಂದ ಮಂದಿಗೆಲ್ಲ ಹೇಳಿಕೊಂಡು ತಿರುಗಿದಳು. ಚಳಿಗಾಲದಲ್ಲಿ ಜನ ಕೇಳಿದರು. ಬಿಸಿಲು ಬೇಕಾದ ಕಾಲ ಅದು.

ಹೋಳಿ ಆಯಿತು. ಭೀಮಮ್ಮ ನೀರು ನಿಲ್ಲಿಸಿದಳು. ಡೇಲಿಯಾ ಕಪ್ಪಾಗಿ ಕುಸಿಯಿತು. ಅರಿಶಿಣದ ಎಲೆ ಅದಕ್ಕೂ ಮೊದಲೇ ಕಾಗದವಾಗಿತ್ತು. ಗುಲಬಾಕ್ಷಿ ಗಂಟುಗಂಟಿಗೆ ಕಳಚಿ ಬಿತ್ತು. ಎಲ್ಲಕ್ಕಿಂತ ಕಡೆಗೆ ಲಿಲ್ಲಿಯ ಎಲೆ ದಾರವಾಗಿ, ಗಾಳಿಗೆ ಹಾರಿಹೋಯಿತು.

ಏಪ್ರಿಲಿನ ಒಂದು ಮಧ್ಯಾಹ್ನ ಸುರೇಶಕುಮಾರನ ಫೋನ್ ಬಂತು.

"ಏನ್ ಮಾಡೀದಿ ಇದು? ಲಗ್ನದ ಮಂದಿ ಬಂದು ಕುಂತದ. ಬಾಗಲಾಗೇ ಸ್ಮಶಾನ ಮಾಡಿಟ್ಟೀದಿ. ಈಗಿಂದೀಗ ಹೂವಿನ ಕುಂಡ ತಗೊಂಡು ಬಾ, ಮುಚ್ಚು ಇದನ್ನ."

ಅವಳು ಮುದಸ್ಸಿರನ ಸ್ಕೂಟರ್ ತೆಗೆದಳು. ಹಿಂದಿನ ಸೀಟಿಗೆ ಕೇಳದೆಯೇ ದಸ್ತಗೀರ ಬಂದು ಕೂತ. ಒಂದು ಕುಂಡವನ್ನೂ ಅವರು ತಗೊಂಡಿರಲಿಲ್ಲ. ದಾರಿಯುದ್ದಕ್ಕೂ ಬಿಸಿಗಾಳಿ ಕಲ್ಲುಪುಡಿಯನ್ನು ಮುಖಕ್ಕೆ ತಂದು ಎರಚುತ್ತಿತ್ತು.

ಫಂಕ್ಷನ್ ಹಾಲಿನ ಅಂಗಳ ತುಂಬಿತ್ತು. ಉಂಡ ಮಂದಿ ಹೊತ್ತು ಇಳಿದಂತೆ ಪಡುವಣ ಗೋಡೆಯ ನೆರಳಿಗೆ ಕುರ್ಚಿ ಎಳೆದುಕೊಂಡಿದ್ದರು. ಹೆಂಗಸರು, ತೊಡೆಯ ಮೇಲೆ ನಿದ್ದೆ ಹೋದ ಮಕ್ಕಳು. ಭೀಮಮ್ಮ ಅವರ ನಡುವೆ, "ಕೆಂಜಿಗ ಅದಾವ್ರಿ," ಎನ್ನುತ್ತಲೇ ಇದ್ದಳು. "ಬಿಸಲಾಗ ಸಾಯೋದಕ್ಕಿಂತ ಕೆಂಜಿಗ ಕಡದ್ರ ಚಲೋ ಬಿಡಬೇ," ಎಂದು ಯಾರೋ ನಗಿಸಿದರು. ಗೇಟಿನ ಪಕ್ಕದ ಮಡಿ ಬೋಳಾಗಿ ಬಿದ್ದಿತ್ತು. ಅದರ ಅಂಚಿಗೆ ಗೇಣುದ್ದದ ಕಲ್ಲುಗಳು ಸಾಲಾಗಿ, ಮುರಿದ ಹಲ್ಲು ಮೇಲೆ ಮಾಡಿ ಕೂತಿದ್ದವು.

ಸುರೇಶಕುಮಾರ ರೇಷ್ಮೆ ಶರ್ಟಿನಲ್ಲಿ ಮೆಟ್ಟಿಲಿಳಿದು ಬಂದ. ಜನ ಕೇಳಬಾರದೆಂದು ಹಲ್ಲು ಕಚ್ಚಿ ಮಾತಾಡಿದ. "ಕುಂಡ ಎಲ್ಲಿ ಅದಾವ? ಸತ್ತ ಗಿಡ ಹಚ್ಚಿ ನನ್ನ ಮಾನ ಮುಕ್ಕು ಮಾಡಿದಿ."

"ಸತ್ತಿಲ್ಲ. ಒಳಗ ಅದಾವ."

"ಮ್ಯಾಲೆ ಯಾಕ ಹಿಂಗಾತು ಮತ್ತ?"

"ಗಾಳಿ ಸಾವ್ಕಾರ್ರ," ಅಂದಳು ನಾಹಿದ. ಅವಳ ದನಿ ಏರಲಿಲ್ಲ. "ಈ ಸರ್ತಿ ಗಾಳಿ ಭಾಳ ಇತ್ತು."

ಅವನ ಕಣ್ಣು ಆಗ ಮಡಿಯಿಂದ ಅಂಚಿಗೆ ಇಳಿಯಿತು. ಕಲ್ಲಿನಲ್ಲೇ ಹುಟ್ಟಿದವನಿಗೆ ಕಲ್ಲನ್ನು ಗುರುತಿಸಲು ಹೊತ್ತು ಬೇಕಾಗಲಿಲ್ಲ. "ಭೀಮೀ," ಎಂದು ಕೂಗಿದ, "ಒಂದು ತಾಡಪತ್ರಿ ತಾ ಇಲ್ಲಿ." ಭೀಮಮ್ಮನಿಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ವಾಡಿಯಿಂದ ಬಂದ ಬೀಗರ ಪೈಕಿ ಒಬ್ಬ ಮುದುಕ ಮಡಿಯ ಹತ್ತಿರ ಬಂದು ನಿಂತಿದ್ದ. ಪೀರಪ್ಪ ಎಂದು ಯಾರೋ ಅವನನ್ನು ಕರೆದರು. ಕಲ್ಲಿನ ಖಣಿಯಲ್ಲಿ ಜೀವ ತೇದವನೆಂದು ಅವನ ಬೆರಳ ಗಂಟುಗಳೇ ಹೇಳುತ್ತಿದ್ದವು. ಧೋತರ ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು ಕಲ್ಲೊಂದನ್ನು ಮುಟ್ಟಿದ. ಕೆಳಗಿನ ನುಣ್ಣನೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಮೆತ್ತಿದ ಸಿಮೆಂಟನ್ನು ಉಗುರಿನಿಂದ ಕೆರೆದ. ಆಮೇಲೆ ಅಂಗೈ ಅಗಲಿಸಿ ಕಲ್ಲಿನ ಮೇಲಿಟ್ಟ.

"ಯಾವ ಗ್ವಾಡಿದವ ಇವು?" ತಲೆ ಎತ್ತದೆ ಕೇಳಿದ.

ಸುರೇಶಕುಮಾರ ಬಾಯಿ ತೆರೆದ. ಅವನಿಗಿಂತ ಮೊದಲು ಮಾತಾಡಿದವನು ದಸ್ತಗೀರ.

"ಇಲ್ಲೇ ಇತ್ತು," ಅಂದ. "ಹೋದ ವರ್ಷ ನನ್ನ ಮಗನ ಮ್ಯಾಲೆ ಬಿತ್ತು. ಗೇಣು ಹುಗದಿದ್ರು. ಗಾಳಿ ಅಂತ ಸುಳ್ಳು ಹೇಳ್ದೆ ನಾ." ಪಡುವಣ ಗೋಡೆಯತ್ತ ಕೈ ಮಾಡಿದ. "ಆ ಕಡೀದೂ ಅಷ್ಟೇ ಅದ."

ನಾಹಿದ ಮಾವನ ಕಡೆ ತಿರುಗಲಿಲ್ಲ. ಅವಳು ಮುದುಕನ ಕೈಯನ್ನೇ ನೋಡುತ್ತಿದ್ದಳು.

ಪೀರಪ್ಪ ಮೊಣಕಾಲಿಗೆ ಕೈಯೂರಿ ಎದ್ದ. ನೆಟ್ಟಗೆ ಪಡುವಣ ಗೋಡೆಯ ಕೆಳಗೆ ಹೋಗಿ, ಅಲ್ಲಿ ಕೂತಿದ್ದ ಹೆಂಗಸೊಬ್ಬಳ ತೊಡೆಯಿಂದ ನಿದ್ದೆಯ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. "ಏಳವ್ವ," ಅಂದ. ಆಕೆ ಗಾಬರಿಯಿಂದ ಎದ್ದಳು. ಇನ್ನೊಂದು ಕೈಯಲ್ಲಿ ಆಕೆಯ ಕುರ್ಚಿ ಎಳೆದುಕೊಂಡು ಅವನು ಅಂಗಳದ ನಡುವೆ ನಡೆದ. ಅವನ ಊರಿನ ಗಂಡಸರು ಇಬ್ಬರು ಮಡಿಯ ಹತ್ತಿರ ಬಂದು, ಬಗ್ಗಿ ನೋಡಿ, ಗೋಡೆಯ ಕೆಳಗಿನ ಮಂದಿಯನ್ನು ಎಬ್ಬಿಸಲು ಹೋದರು. ಆಮೇಲೆ ಇನ್ನಷ್ಟು ಮಂದಿ.

ಕುರ್ಚಿಗಳ ಕಾಲು ಫರ್ಸಿಯ ಮೇಲೆ ಕೆರೆಯುವ ಸದ್ದು ಬಹಳ ಹೊತ್ತು ಕೇಳಿತು. ಕಡೆಗೆ ಲಗ್ನದ ಮಂದಿಯೆಲ್ಲ ತಲೆಯ ಮೇಲೆ ಸೆರಗು, ಟವೆಲು ಎಳೆದುಕೊಂಡು ಸುಡುವ ಬಿಸಿಲಲ್ಲಿ ಕೂತಿದ್ದರು. ಗೋಡೆಯ ಉದ್ದಕ್ಕೂ ತಣ್ಣನೆಯ ನೆರಳು ಖಾಲಿ ಬಿದ್ದಿತ್ತು.